ಬಿಳಿ ಮಚ್ಚೆಯಷ್ಟೇ ಸುಟ್ಟಿದ್ದ ಆಕಳು

ಬೀದರದಲ್ಲಿ ಓದು ಮುಗಿಸಿ, ಸಂತಪುರದ ಕಡೆ ಪಶುವೈದ್ಯೆಯಾಗಿ ಬಂದ ಮೊದಲ ಬೇಸಿಗೆ ಅದು. ಒಂದು ಮುಂಜಾನೆ ಊರಿನ ನಿವೃತ್ತ ನರ್ಸಮ್ಮ ಫೋನ್ ಮಾಡಿದರು. "ಲಗೂ ಬರ್ರಿ ಮೇಡಂ. ನಮ್ಮ ಆಕಳ ಮ್ಯಾಲ ಆ್ಯಸಿಡ್ ಒಗದಾರ."

ನಾನು ಹೋಗುವಷ್ಟರಲ್ಲಿ ಅವರ ಅಂಗಳದಲ್ಲಿ ಜನ ನೆರೆದಿದ್ದರು. ಆದರೆ ಆಕಳಿನ ಕಡೆ ಯಾರ ನೋಟವೂ ಇರಲಿಲ್ಲ. ಎಲ್ಲರೂ ಪಕ್ಕದ ಬ್ಯಾಟರಿ ಅಂಗಡಿಯತ್ತ ತಿರುಗಿದ್ದರು. ಅಂಗಡಿಯ ಬಾಗಿಲಲ್ಲಿ ಅದರ ಮಾಲೀಕರು ಬೆವರುತ್ತ ನಿಂತಿದ್ದರು. ಅವರೆದುರು ಬಡಿಗೆ ಹಿಡಿದು ನಿಂತವನು ನರ್ಸಮ್ಮನ ಅಣ್ಣನ ಮಗ. ಹಿಂದಿನ ವಾರ ಈ ಆಕಳು ಅಂಗಡಿಗೆ ನುಗ್ಗಿ ಸಾಮಾನು ಕೆಡವಿತ್ತಂತೆ, ಅವರು ಬೈದಿದ್ದರಂತೆ. ಈಗ ಆಕಳಿನ ಚರ್ಮ ಸುಟ್ಟಿದೆ, ಆ್ಯಸಿಡ್ ಇರುವುದು ಅವರ ಅಂಗಡಿಯಲ್ಲಿ. ಅಷ್ಟು ಸಾಕಾಗಿತ್ತು.

"ಸಿಸ್ಟರ್, ನನ್ನ ಮಗಳು ನಿಮ್ಮ ಕೈಯಾಗ ಹುಟ್ಯಾಳ," ಅಂಗಡಿಯವರು ನರ್ಸಮ್ಮನತ್ತ ತಿರುಗಿ ಹೇಳಿದರು. "ಬೇಜುಬಾನ್ ಜಾನ್ವರಕ್ಕ, ಬಾಯಿಲ್ಲದ ಪ್ರಾಣಿಗೆ, ನಾ ಹಂಗ ಮಾಡ್ತೇನೇನ್ರಿ?"

ನರ್ಸಮ್ಮ ಮುಖ ತಿರುಗಿಸಿದರು.

ನಾನು ಆಕಳಿನ ಹತ್ತಿರ ಕೂತೆ. ಕಪ್ಪು ಬಿಳುಪು ಮಚ್ಚೆಯ ದೇವಣಿ ತಳಿಯ ಆಕಳು. ಬೆನ್ನು, ಪಕ್ಕೆ, ಕೆಚ್ಚಲ ಮೇಲೆ ಚರ್ಮ ಬಿರಿದು ನೀರು ಒಸರುತ್ತಿತ್ತು. ಮುಟ್ಟಿದರೆ ಮೈಯೆಲ್ಲ ನಡುಗಿಸುತ್ತಿತ್ತು. ಆದರೆ ಕಪ್ಪು ಮಚ್ಚೆಯ ಮೇಲೆ ಕೈಯಿಟ್ಟರೆ ಸುಮ್ಮನೆ ನಿಂತಿತ್ತು. ಅಲ್ಲಿ ಕೂದಲು ಕೂಡ ಉದುರಿರಲಿಲ್ಲ. ಕಪ್ಪು ಮುಗಿದು ಬಿಳುಪು ಶುರುವಾಗುವ ಗೆರೆಯಲ್ಲೇ ಗಾಯವೂ ಶುರುವಾಗಿತ್ತು. ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದೆ. ಅರಿಸಿನ ಸವರಿದ ಹಾಗಿತ್ತು. ಎಡ ಪಕ್ಕೆಗೆ ಸ್ಟೆತಾಸ್ಕೋಪ್ ಒತ್ತಿದೆ. ಹೊಟ್ಟೆಯ ಚಲನೆ ಪೂರ್ತಿ ನಿಂತುಹೋಗಿತ್ತು.

"ಇದು ಆ್ಯಸಿಡ್ ಅಲ್ರಿ," ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಎದ್ದು ನಿಂತು ಜೋರಾಗಿ ಹೇಳಿದೆ: "ಆ್ಯಸಿಡ್ ಕರಿ ಬಿಟ್ಟು ಬಿಳೀದರ ಮ್ಯಾಲಷ್ಟ ಬೀಳ್ತದೇನ್ರಿ? ಬಂದು ನೋಡ್ರಿ."

ಮೊದಲು ಬಂದವರು ನರ್ಸಮ್ಮ. ಕಣ್ಣಿನ ಹಳದಿ ನೋಡಿದ್ದೇ ಅವರ ಮುಖ ಬದಲಾಯಿತು. "ಕಾಮಣಿ ಆಗ್ಯದೇನ್ರಿ?"

"ಹೌದ್ರಿ. ಪಿತ್ತ ಹರಿಯೋದು ನಿಂತದ."

ತಿಂದ ಹಸಿರು ಮೇವಿನ ಬಣ್ಣ ಕರಗಿ ಉಳಿಯುವ ಒಂದು ವಸ್ತುವನ್ನು ಲಿವರ್ ಪಿತ್ತದ ಜೊತೆ ಹೊರಹಾಕುತ್ತದೆ. ಪಿತ್ತ ಕಟ್ಟಿದರೆ ಅದು ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತದೆ. ಆಮೇಲೆ ಬಿಸಿಲು ಬಿದ್ದರೆ ಬಿಳಿ ಚರ್ಮ ಸುಡುತ್ತದೆ, ಕಪ್ಪು ಚರ್ಮ ತಡೆದುಕೊಳ್ಳುತ್ತದೆ. ಇದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. "ಯಾವುದೋ ವಿಷದ ಸೊಪ್ಪು ತಿಂದದ. ಲಂಟಾನ ಇರಬೇಕು, ಬೇಲಿ ಮ್ಯಾಲ ಕೆಂಪು ಹಳದಿ ಗೊಂಚಲ ಹೂ ಬಿಡ್ತದಲ್ಲ, ಘಾಟು ವಾಸನಿ, ಅದು."

ಅಣ್ಣನ ಮಗನ ಬಡಿಗೆ ಕೆಳಗಿಳಿಯಿತು. ಲಂಟಾನ ಬೆಳೆದ ಬೇಲಿ ಕಡಿದು ಹಿತ್ತಲಲ್ಲಿ ರಾಶಿ ಹಾಕಿದವನು ಅವನೇ. ಮೇವು ಕಮ್ಮಿಯಾದ ದಿನಗಳು. ಅಲ್ಲೇ ಕಟ್ಟಿದ್ದ ಆಕಳಿನ ಬಾಯಿಗೆ ಸಿಕ್ಕಿದ್ದು ಅದೇ.

ಬಿಸಿಲು ಏರುತ್ತಿತ್ತು. "ಮೊದಲು ನೆರಳಿಗೆ ಒಯ್ಯಬೇಕು, ಕತ್ತಲಿದ್ದಷ್ಟೂ ಚಲೋ," ಎಂದೆ. ನರ್ಸಮ್ಮನ ಮನೆಗೆ ಕೊಟ್ಟಿಗೆಯಿರಲಿಲ್ಲ, ಬಾಗಿಲು ಆಕಳು ದಾಟುವಷ್ಟು ಅಗಲವಿರಲಿಲ್ಲ. ಹತ್ತಿರದಲ್ಲಿ ಇದ್ದದ್ದು ಬ್ಯಾಟರಿ ಅಂಗಡಿಯ ಹಿಂದಿನ ಗೋದಾಮು ಒಂದೇ. ಎಲ್ಲರಿಗೂ ಅದು ಗೊತ್ತಿತ್ತು, ಕೇಳುವ ಮುಖ ಯಾರಿಗೂ ಇರಲಿಲ್ಲ.

ನರ್ಸಮ್ಮ ನಡೆದುಹೋಗಿ ಅಂಗಡಿಯವರ ಎದುರು ನಿಂತರು. "ತಮ್ಮಾ, ನಾ ತಪ್ಪ ತಿಳಕೊಂಡೆ. ಮಾಫ್ ಮಾಡು." ಅಂಗಡಿಯವರು ಒಳಗೆ ಹೋದರು. ಒಪ್ಪಲಿಲ್ಲವೇನೋ ಅಂದುಕೊಂಡೆ. ಆಮೇಲೆ ಹಿಂದಿನ ಗೋದಾಮಿನ ಶಟರ್ ಎತ್ತಿದ ಸದ್ದು ಕೇಳಿತು.

ಬೀದರದ ನನ್ನ ಗುರುಗಳಿಗೆ ಫೋನ್ ಹಚ್ಚಿದೆ. "ಹೊಟ್ಟಿ ನಿಂತದ ಅಂದ್ರ ವಿಷ ಇನ್ನೂ ಅಲ್ಲೇ ಅದ. ರಕ್ತಕ್ಕ ಏರ್ತಾನ ಇರ್ತದ. ಕೊಯ್ದು ತಗಿ," ಎಂದರು. ಓದುವಾಗ ಅವರ ಪಕ್ಕ ನಿಂತು ಕೈಜೋಡಿಸಿದ್ದೆನೇ ಹೊರತು ಒಬ್ಬಳೇ ಚಾಕು ಹಿಡಿದಿರಲಿಲ್ಲ.

ಸೂಜಿ ಹಾಕಿ ಎಡ ಪಕ್ಕೆ ಮರಗಟ್ಟಿಸಿ, ನಿಂತ ಆಕಳಿನ ಹೊಟ್ಟೆ ಕೊಯ್ದೆ. ಕೊಂಬಿನ ಕಡೆ ಅಂಗಡಿಯವರು ಹಿಡಿದಿದ್ದರು, ಹಿಂದೆ ಅಣ್ಣನ ಮಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನರ್ಸಮ್ಮ ಕೈ ತೊಳೆದು ಬಂದು, ನಾನು ಕೇಳುವ ಮೊದಲೇ ಒರೆಸುವ ಅರಿವೆ, ಚಿಮಟಿ ಕೊಡುತ್ತಿದ್ದರು. ಮೊಳಕೈವರೆಗೆ ಕೈ ಒಳಗೆ ಹಾಕಿ ಎಳೆದರೆ ಮುಷ್ಟಿ ಮುಷ್ಟಿ ಬಂದದ್ದು ಅರೆಜಗಿದ ಒರಟು ಎಲೆ. ಗೋದಾಮಿನ ತುಂಬ ಅದೇ ಘಾಟು. ನಡುವೆ ಆಕಳು ಮೊಣಕಾಲು ಮಡಚಿತು. "ಬಿತ್ತು, ಬಿತ್ತು!" ಎಂದು ಯಾರೋ ಕೂಗಿದರು. ಅಂಗಡಿಯವರು ಹೆಗಲು ಕೊಟ್ಟು ಎತ್ತಿ ಹಿಡಿದರು, ನಾನು ಹೊಲಿಗೆ ಹಾಕುವವರೆಗೂ ಹಾಗೇ ನಿಂತರು. ಮುಚ್ಚುವ ಮೊದಲು, ಉಳಿದ ವಿಷ ಹೀರಲೆಂದು ಒಳಗೆ ಇದ್ದಿಲ ಪುಡಿ ಕಲಸಿ ಸುರಿದಿದ್ದೆ.

ಮರುದಿನವೂ ಅದು ಮೇವು ಮೂಸಲಿಲ್ಲ. ನಾನು ಉಳಿದುಕೊಂಡಿದ್ದ ಔರಾದದಿಂದ ದಿನಾ ಬಸ್ಸಿಗೆ ಬಂದು ಸಲೈನ್ ಏರಿಸುತ್ತಿದ್ದೆ. ಬರುವ ದಾರಿಯುದ್ದಕ್ಕೂ, ಸತ್ತಿದ್ದರೆ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ. ಒಂದು ದಿನ ಶಟರ್ ಸರಿಸಿದರೆ ಕತ್ತಲಲ್ಲಿ ಮೆಲುಕು ಹಾಕುವ ಸದ್ದು. ನಾನು ಬಾಗಿಲಿಂದಲೇ ನರ್ಸಮ್ಮನನ್ನು ಕೂಗಿದೆ.

ಬಿಳಿ ಚರ್ಮವೆಲ್ಲ ಒಣಗಿ ಸಿಪ್ಪೆಯಂತೆ ಎದ್ದುಹೋಯಿತು. ಅಡಿಯಲ್ಲಿ ನಸುಗೆಂಪು ಹೊಸ ಚರ್ಮ ಬಂತು. ಆ ಸಲ ಹಾಲು ಬತ್ತಿದ್ದು ಮರಳಲಿಲ್ಲ. ನರ್ಸಮ್ಮ ಮತ್ತು ಅಂಗಡಿಯವರ ಮನೆಗಳ ನಡುವೆ ಚಹಾ, ಊಟ ಮೊದಲಿನಂತೆ ನಡೆಯಿತು. ಅಣ್ಣನ ಮಗನ ಜೊತೆ ಮಾತ್ರ ಅಂಗಡಿಯವರು ಮಾತು ಬಿಟ್ಟರು. ಮಳೆಗಾಲ ಮುಗಿದ ಮೇಲೆ ಅಂಗಡಿಯನ್ನು ಔರಾದಕ್ಕೆ ಒಯ್ದರು. ಅಲ್ಲಿ ಗಿರಾಕಿ ಹೆಚ್ಚು ಎಂದರು. ಅದೊಂದೇ ಕಾರಣವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.