ಕಿಟಕಿಯಲ್ಲಿ ಕೂರುವ ಮನೆ

ನಿನ್ನೆ ಸಂಜೆ ಹಿತ್ತಲಿನ ಸುಣ್ಣಕಲ್ಲಿಗೆ ಸ್ಪ್ರಿಂಕ್ಲರ್ ನೀರು ಬಿದ್ದು, ಕಾದ ಕಲ್ಲು ನೆನೆದ ವಾಸನೆ ಬಂತು ನೋಡಿ, ಸ್ಯಾನ್ ಡಿಯಾಗೊ ಬಿಟ್ಟು ನಾನೆಂದೂ ಕಾಲಿಡದ ಮನೆಯೊಂದರೊಳಗೆ ಹೋಗಿಬಿಟ್ಟೆ. ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಸುಣ್ಣಕಲ್ಲಿನ ಮನೆ ಅದು. ಅದರೊಳಗೆ ನನ್ನನ್ನು ಓಡಾಡಿಸಿದವರು ಮೈಸೂರಿನ ರಫೀಕ್ ಅಂಕಲ್.

ಎರಡು ಸಾವಿರದ ನಾಲ್ಕರ ಸುಮಾರಿಗೆ ಇಲ್ಲಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಸೊರೆಂಟೊ ವ್ಯಾಲಿಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಚಿಪ್‌ಗಳ ತಪ್ಪು ಹುಡುಕುವುದು ನನ್ನ ಕೆಲಸ. ಮನೆಗೆ ಬಂದರೂ ಅದೇ ಚಾಳಿ ಎಂದು ಹೆಂಡತಿಯ ದೂರು. ಅಂಕಲ್ ಆರ್ಕಿಟೆಕ್ಟ್. ಮದುವೆಯಾದ ಹೊಸತರಲ್ಲಿ ಅವರೂ ಖಮರ್ ಆಂಟಿಯೂ ಆ ಕಲ್ಲುಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರಂತೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯೊಳಗೇ ಇಬ್ಬರು ಕಾಲು ಮಡಚಿ ಕೂರಬಹುದಿತ್ತಂತೆ. ಕಿಟಕಿಯ ಅಕ್ಕಪಕ್ಕ ಗೋಡೆಯನ್ನು ಒಳಕ್ಕೆ ಓರೆಯಾಗಿ ಕಟ್ಟಿದ್ದರಿಂದ ಚೂರು ಬಿಸಿಲು ಬಂದರೂ ಕೋಣೆ ತುಂಬ ಹರಡುತ್ತಿತ್ತಂತೆ. ಸೂರಿಗೆ ಹೊದಿಸಿದ್ದೂ ಕಲ್ಲೇ: ಕೆಳಸಾಲಿಗೆ ದೊಡ್ಡ ಹಾಳೆಗಳು, ಮೇಲೇರಿದಂತೆ ಚಿಕ್ಕವು, ನೆತ್ತಿಯಲ್ಲಿ ಅಂಗೈಯಗಲ. ಹೇಳುತ್ತ ಹೇಳುತ್ತ ಅವರ ದನಿ ಮೆಲ್ಲಗಾಗುತ್ತಿತ್ತು, ಹಲಗೆ ಗೋಡೆಯ ನಮ್ಮ ಮನೆಗಳು ಎಲ್ಲೋ ಕರಗಿಹೋಗುತ್ತಿದ್ದವು.

ಅಂಕಲ್ ಅವರ ಕಣ್ಣು ಹೋಗುತ್ತಿತ್ತು. ಪೂರ್ತಿ ಹೋಗುವ ಮುಂಚೆ ಆ ಮನೆಯನ್ನೊಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ. ಆದರೆ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದ್ದರು; ಅನುಮತಿಯಿಲ್ಲದೆ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತಿತ್ತು. ಇಲ್ಲಿ ನಮ್ಮವರ ಬದುಕೇ ಹಾಗೆ, ಪೇಪರ್ ಬರುವ ತನಕ ಕಾಲಿಗೆ ಹಗ್ಗ. ಅನುಮತಿ ಬಂದಾಗ ಅವರಿಗೆ ಬೆಳಕೂ ಕಾಣುತ್ತಿರಲಿಲ್ಲ. "ಮುಟ್ಟಿ ನೋಡ್ತೀನಿ ಬಿಡಿ," ಅಂದರು ಅಂಕಲ್. ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಇಬ್ಬರನ್ನೂ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟುಬಂದೆ.

ಮರಳಿದ ಮೇಲೆ ಆಂಟಿ ಚಹಾ ಸೋಸುತ್ತ ನನಗೊಂದು ಗುಟ್ಟು ಹೇಳಿದರು. ಆ ಮನೆಯ ಈಗಿನವರು ಒಳಗೆ ಬರುವುದು ಬೇಡವೆಂದು ಬಾಗಿಲಲ್ಲೇ ಹೇಳಿದರಂತೆ. ಕಾರಿನಲ್ಲಿ ಕಾಯುತ್ತಿದ್ದ ಗಂಡನಿಗೆ ಅದನ್ನು ಹೇಳಲು ಆಂಟಿಗೆ ಮನಸ್ಸಾಗಲಿಲ್ಲವಂತೆ. ಅದೇ ಬೀದಿಯಲ್ಲಿ, ಅದೇ ಕಲ್ಲಿನ ಇನ್ನೊಂದು ಮನೆಯಲ್ಲಿ ಕೋಣೆ ಬಾಡಿಗೆಗಿತ್ತು. ಇದೇ ನಮ್ಮ ಮನೆ ಎಂದು ಅಲ್ಲಿಯ ಕಿಟಕಿಯಲ್ಲಿ ಕೂರಿಸಿ, ಹಿಂದಿನದನ್ನೆಲ್ಲ ಕಣ್ಣೆದುರಿಗಿದ್ದಂತೆ ಹೇಳಿದರಂತೆ.

ವಾರ ಕಳೆದು ಅಂಕಲ್ ಒಬ್ಬರೇ ಸಿಕ್ಕರು. ಮನೆ ಹೇಗಿತ್ತೆಂದು ಅಳುಕುತ್ತಲೇ ಕೇಳಿದೆ.

"ಅದು ನಮ್ಮನೆ ಅಲ್ಲಪ್ಪ. ನಮ್ಮ ಕಿಟಕಿ ಕಟ್ಟೆ ನಡುವೆ ಸವೆದಿತ್ತು, ಇದು ಸಮವಾಗಿತ್ತು, ಕೂತ ಕೂಡ್ಲೇ ಗೊತ್ತಾಯ್ತು. ಅವಳಿಗೆ ಹೇಳ್ಬೇಡಿ. ಅವಳು ಹೇಳ್ತಾ ಹೋದ್ಲು, ನಂಗೆ ಎಲ್ಲಾ ಕಾಣ್ತಾ ಹೋಯ್ತು."

ಇಬ್ಬರ ಗುಟ್ಟೂ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ. ಬರುವ ವಾರ ಆಫೀಸಿನ ಕೆಲಸಕ್ಕೆ ಇಂಗ್ಲೆಂಡಿಗೆ ಹೊರಟಿದ್ದೇನೆ. ಆ ಊರಿಗೆ ಹೋಗಿ ನಿಜವಾದ ಮನೆಯನ್ನು ನೋಡಿಯೇ ಬರಬೇಕೆಂದು ನಿನ್ನೆಯವರೆಗೂ ಅಂದುಕೊಂಡಿದ್ದೆ. ಈಗ ಬೇಡವೆನಿಸಿದೆ. ಹೋದರೆ ಆ ಕಿಟಕಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.