ಪೈಂಟರ್ ಕಾಕ ಅಳಿಸಿದ ತಲೆಬುರುಡೆ

ಮೊನ್ನೆ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಟರ್ಪಂಟೈನ್ ವಾಸನೆ ಅಡುಗೆಮನೆಯ ತನಕ ಬಂತು. ಕಿಟಕಿ ಹಾಕಿದೆ. ವಾಸನೆ ಹೋಗಲಿಲ್ಲ... ಕಾಕನ ನೆನಪೂ ಹೋಗಲಿಲ್ಲ.

ನಾವಿರುವ ಕೊಟ್ಟಾರದಲ್ಲಿ ಎಲ್ಲರೂ ಅವರನ್ನು ಪೈಂಟರ್ ಕಾಕ ಎನ್ನುತ್ತಿದ್ದರು. ಪಣಂಬೂರಿನ ಬಂದರಿನಲ್ಲಿ ಹಡಗುಗಳ ಮೈಮೇಲೆ ಹೆಸರು, ಅಂಕೆ ಬರೆಯುವುದು ಅವರ ಕಸುಬು. ಅಪ್ಪ ಅಲ್ಲೇ ಕ್ರೇನ್ ಆಪರೇಟರ್. ಯಾವುದೋ ಹಡಗಿನವನೊಬ್ಬ ಕಾಕನಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಹೋಗಿದ್ದ. ಐನೂರು ವರ್ಷದ ಹಿಂದೆ ಇಟಲಿ ಕಡೆಯವರು ಬರೆದ ಚಿತ್ರಗಳು. ಎಲ್ಲದರಲ್ಲೂ ಸಾವೇ. ಆರಿದ ಮೇಣದ ಬತ್ತಿ, ಬಾಡಿದ ಹೂ, ಮರಳು ಸುರಿಯುವ ಗಡಿಯಾರ, ಮೇಜಿನ ಮೇಲೊಂದು ತಲೆಬುರುಡೆ. ಆ ಕಾಲದ ಶ್ರೀಮಂತರು ತಮ್ಮ ಚಿತ್ರ ಬರೆಸುವಾಗ ಬುರುಡೆಯನ್ನೂ ಪಕ್ಕದಲ್ಲಿ ಇಡಿಸಿಕೊಳ್ಳುತ್ತಿದ್ದರಂತೆ, ಗರ್ವ ತಲೆಗೇರದಿರಲಿ ಎಂದು.

ಕಾಕ ರಜೆಯ ದಿನಗಳಲ್ಲಿ ಹಾರ್ಡ್‌ಬೋರ್ಡಿನ ಮೇಲೆ ಅವುಗಳ ನಕಲು ಬರೆಯುತ್ತಿದ್ದರು. ನಮಾಜು ಮಾಡುವ ಮನೆಯೊಳಗೆ ಮನುಷ್ಯರ ಚಿತ್ರ ಇಡುವಂತಿಲ್ಲ. ಹಾಗಾಗಿ ಬರೆದದ್ದೆಲ್ಲ ನಮ್ಮ ಹಿತ್ತಲಿನ ಶೆಡ್ಡಿಗೆ ಬರುತ್ತಿತ್ತು. "ಮನೆಯಲ್ಲಿ ಜಾಗ ಇಲ್ಲದ ಹೆಣವನ್ನೆಲ್ಲ ಇಲ್ಲಿ ತಂದು ಹಾಕ್ತಾರೆ ಮಾರಾಯ್ತಿ" ಎಂದು ಅಮ್ಮ ಗೊಣಗುತ್ತಿದ್ದಳು. ಅಪ್ಪ ಮಾತ್ರ ಪ್ರತಿ ಬೋರ್ಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕಾಕನಿಗೆ ಬಹಳ ಇಷ್ಟವಾದದ್ದು ಒಂದೇ ಚಿತ್ರ. ಕಪ್ಪು ನಿಲುವಂಗಿಯ ಮುದುಕನೊಬ್ಬ ಮೇಜಿನ ಮುಂದೆ ಕೂತು, ಬುರುಡೆಯ ಮೇಲೆ ಕೈಯಿಟ್ಟುಕೊಂಡಿರುವುದು. ವರ್ಷಕ್ಕೆ ಎರಡು ಸಲವಾದರೂ ಅದನ್ನು ಬರೆಯುತ್ತಿದ್ದರು. ಬರೆದೂ ಬರೆದೂ ಅವರ ಕೈ ಅದಕ್ಕೇ ಪಳಗಿಹೋಗಿತ್ತು.

ಅಪ್ಪ ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಸರಿಯಾದ ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಓಡುವ ಮನುಷ್ಯ. ಇದ್ದದ್ದು ವೋಟಿನ ಕಾರ್ಡಿನದ್ದು, ಅದರಲ್ಲಿ ಕಳ್ಳನ ಹಾಗೆ ಕಾಣುತ್ತಿದ್ದರು. ಬೊಜ್ಜಕ್ಕೆ, ಅಂದರೆ ಹದಿಮೂರನೆಯ ದಿನದ ಉತ್ತರಕ್ರಿಯೆಗೆ, ಮಾಲೆ ಹಾಕಲು ಏನಾದರೂ ಬೇಕಲ್ಲ. "ನಾನು ಬರೀತೇನೆ ಮಗಳೇ, ಅವರ ಮುಖ ನನಗೆ ಬಾಯಿಪಾಠ ಉಂಟು" ಎಂದರು ಕಾಕ.

ಬೊಜ್ಜದ ಹಿಂದಿನ ದಿನ ತಂದರು. ಮುಖ ನೋಡಿ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಥೇಟ್ ಅಪ್ಪನೇ. ಆದರೆ ಅದೇ ನಿಲುವಂಗಿ, ಅದೇ ಮೇಜು, ಅಪ್ಪನ ಬಲಗೈಯ ಕೆಳಗೆ ಅದೇ ತಲೆಬುರುಡೆ! ಮಾವ, ಅಮ್ಮನ ಅಣ್ಣ, ಎದ್ದು ನಿಂತರು. "ಇದು ಎಂತ ಅವಸ್ಥೆ? ಬೊಜ್ಜದ ಮನೆಗೆ ಬುರುಡೆಯಾ?"

ನೆಂಟರೆಲ್ಲ ತುಂಬಿದ್ದರು. ನನಗೆ ನಾಚಿಕೆಯಾಯಿತು. ಹನ್ನೆರಡು ದಿನದ ಆಯಾಸವನ್ನೆಲ್ಲ ನಾನು ಕಾಕನ ಮೇಲೆ ಕಾರಿದೆ. "ನಿಮಗೆ ಸ್ವಲ್ಪವಾದ್ರೂ ಬುದ್ಧಿ ಬೇಡ್ವಾ? ಇದು ನನ್ನ ಅಪ್ಪ, ನಿಮ್ಮ ಪುಸ್ತಕದ ಮುದುಕ ಅಲ್ಲ!"

ಕಾಕ ಚಿತ್ರವನ್ನು ನೆಲಕ್ಕಿಳಿಸಿದರು. ಚಿತ್ರದಲ್ಲಿ ಮನುಷ್ಯರನ್ನು ಬೇರೆ ಥರ ಕೂರಿಸಲು ತಮಗೆ ಬರುವುದಿಲ್ಲ ಎಂದಷ್ಟೇ ಮೆಲ್ಲ ಹೇಳಿದರು. ಬಣ್ಣ ಇನ್ನೂ ಹಸಿಯಾಗಿತ್ತು. ಚಿಂದಿಬಟ್ಟೆಯನ್ನು ಟರ್ಪಂಟೈನಿನಲ್ಲಿ ಅದ್ದಿ ಬುರುಡೆಯನ್ನು ಒರೆಸಿ ತೆಗೆದರು, ಆ ಜಾಗಕ್ಕೆ ಮೇಜಿನ ಕಂದು ಬಣ್ಣ ಎಳೆದರು. ಹತ್ತು ನಿಮಿಷದ ಕೆಲಸ. ಆದರೆ ಕೈ? ಕೆಳಗೆ ಏನೂ ಇಲ್ಲದೆ ಅಪ್ಪನ ಕೈ ಗಾಳಿಯಲ್ಲಿ ಹಾಗೇ ನಿಂತಿತು.

"ಕೈ ಇಳಿಸ್ಲಿಕ್ಕೆ ಎರಡು ದಿನ ಬೇಕು. ಬೊಜ್ಜ ಮುಗೀಲಿ. ನೀವು ಕರೀರಿ ಮಗಳೇ, ಬಂದು ಸರಿ ಮಾಡ್ತೇನೆ."

ನಾನು ನೆಂಟರಿಗೆ ಚಹಾ ತರಲು ಒಳಗೆ ಹೋದೆ.

ಮರುದಿನ ಬಂದವರೆಲ್ಲ ಚಿತ್ರದ ಮುಂದೆ ನಿಂತು ಕೈಮುಗಿದರು. "ಆಶೀರ್ವಾದ ಮಾಡುವ ಹಾಗೆ ಉಂಟಲ್ಲ!" ಎಂದಳು ಚಿಕ್ಕಮ್ಮ. ಅದೇ ಮಾತು ಮನೆಯಲ್ಲೆಲ್ಲ ಹಬ್ಬಿತು. ಮಾವನೂ ತಲೆಯಾಡಿಸಿದರು. ನನಗೂ ಅದೇ ಸಲೀಸಾಯಿತು. ಕಾಕನನ್ನು ಕರೆಯಬೇಕಾದರೆ ಮೊದಲು ತಪ್ಪಾಯಿತು ಎನ್ನಬೇಕಲ್ಲ! ಈ ವಾರ ಬೇಡ, ಬರುವ ವಾರ ಎಂದುಕೊಂಡೆ. ಆಫೀಸು, ಅಮ್ಮನ ಮಂಡಿನೋವು, ಮತ್ತೊಂದು, ಮಗದೊಂದು... ಒಮ್ಮೆ ಬಸ್‌ಸ್ಟಾಪಿನಲ್ಲಿ ಕಾಕ ಕಂಡರು. ನಾನು ಮೊಬೈಲಿನೊಳಗೆ ತಲೆ ಹಾಕಿ ನಿಂತೆ. ಶೆಡ್ಡಿನ ಬೋರ್ಡುಗಳಿಗೆ ಗೆದ್ದಲು ಹಿಡಿಯಿತು, ಅದನ್ನೂ ಅವರಿಗೆ ಹೇಳಲಿಲ್ಲ. ಸಿಟ್ಟು ಅವರಿಗೇ ಇರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಹೀಗೆ ಆರು ವರ್ಷ.

ಕಾಕ ಹೋದ ಸುದ್ದಿ ಮೀನಿನವಳ ಬಾಯಿಂದ ತಿಳಿಯಿತು, ದಫನ ಮಾಡಿ ನಾಲ್ಕು ದಿನವಾದ ಮೇಲೆ. ಹೋದೆ. ಅವರ ಹೆಂಡತಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಗೋಡೆಯ ಮೇಲೆ ಕಾಕನ ಒಂದು ಫೋಟೋ ಇಲ್ಲ, ಆ ಮನೆಯಲ್ಲಿ ಹಾಕುವುದೂ ಇಲ್ಲ. ನಾನು ಯಾರೆಂದು ಹೇಳಿದೆ. ಅವರು ಎದ್ದು ಹೋಗಿ ಒಂದು ಬಟ್ಟೆಯ ಚೀಲ ತಂದು ನನ್ನ ಮಡಿಲಲ್ಲಿಟ್ಟರು.

ಒಳಗೆ ಎರಡು ಕುಂಚ, ಗಟ್ಟಿಯಾಗಿ ಕಲ್ಲಾದ ಕಂದು ಬಣ್ಣದ ಟ್ಯೂಬು, ಮತ್ತೆ ಕಾಗದಗಳು. ಪೆನ್ಸಿಲಿನಲ್ಲಿ ಬರೆದ ಕೈಗಳು. ಮೇಜಿನ ಮೇಲೆ ಚಾಚಿದ ಕೈ, ಮಡಿಲಲ್ಲಿ ಇಳಿಬಿಟ್ಟ ಕೈ, ಬೀಡಿ ಹಿಡಿದ ಕೈ. ಹೆಬ್ಬೆರಳ ಪಕ್ಕದ ಗಾಯದ ಗುರುತಿನಿಂದ ತಿಳಿಯಿತು, ಎಲ್ಲವೂ ಅಪ್ಪನದೇ.

"ಬೇರೆ ಥರ ಕೂರಿಸ್ಲಿಕ್ಕೆ ಕಲೀತಾ ಇದ್ದೇನೆ ಅಂತ ಹೇಳ್ತಿದ್ರು," ಎಂದರು ಅವರು. "ಆ ಹುಡುಗಿ ದುಃಖದಲ್ಲಿ ಬೈದದ್ದು, ಕರೀತಾಳೆ ಅಂತ ಹೇಳ್ತಿದ್ರು. ಚೀಲ ಬಾಗಿಲ ಹತ್ರವೇ ಇರ್ತಿತ್ತು."

ನನಗೆ ಅಳುವುದಕ್ಕೂ ಮುಖ ಇರಲಿಲ್ಲ.

ಈಗಲೂ ಮನೆಗೆ ಬಂದವರು ಆ ಚಿತ್ರ ನೋಡಿ ಆಶೀರ್ವಾದ ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ. ಬೇರೆ ಯಾರನ್ನಾದರೂ ಕರೆಸಿ ಕೈ ಸರಿ ಮಾಡಿಸಬಹುದು, ಆದರೆ ಅಪ್ಪನ ಕೈ ಗೊತ್ತಿದ್ದವರು ಈಗ ಯಾರಿದ್ದಾರೆ? ಕಾಕನ ಮನೆ ನಮ್ಮಿಂದ ಎರಡು ಓಣಿ ಆಚೆ. ಆ ಆರು ವರ್ಷ, ಅವರು ಬದುಕಿದ್ದಾಗ, ಅಷ್ಟು ದೂರ ನಾನು ಒಮ್ಮೆಯೂ ನಡೆದು ಹೋಗಲಿಲ್ಲ.