ಕಾಡಿನಂಚಿನ ಬಾಂದುಕಲ್ಲು

ಮೊನ್ನೆ ನಂಜನಗೂಡಿನ ಅಂಗಡಿಯೊಂದರಲ್ಲಿ ನೆಲ ಒರೆಸುವ ದ್ರಾವಣದ ಬಾಟಲಿ ಕೊಂಡೆ. ಅಪ್ಪಟ ನಿಂಬೆಹುಲ್ಲಿನದು ಎಂದು ಅಂಗಡಿಯವನು ಆಣೆ ಮಾಡಿದ. ಆಣೆ ಮಾಡುವವರನ್ನು ನಾನು ನಂಬುವುದಿಲ್ಲ. ಮಾಡದವರನ್ನೂ ಅಷ್ಟಾಗಿ ನಂಬುವುದಿಲ್ಲ. ಮುಚ್ಚಳ ತೆಗೆಸಿ ಮೂಸಿ ನೋಡಿದೆ. ಆ ವಾಸನೆಗೆ ಬೆಟ್ಟದ ನೆತ್ತಿಯ ಹುಲ್ಲುಗಾವಲು ಕಣ್ಣ ಮುಂದೆ ಬಂತು. ಅದರ ನಡುವೆ ಮೊಣಕಾಲೂರಿ, ಕಡಿದ ಮರದ ಬೊಡ್ಡೆ ಸಿಕ್ಕೀತೇ ಎಂದು ಹುಲ್ಲು ಬಗೆದು ನೋಡುತ್ತಿದ್ದ ನಮ್ಮ ದೊಡ್ಡಪ್ಪನೂ ಬಂದರು.

ಮೂಗೂರಿನ ನಮ್ಮ ದೊಡ್ಡಪ್ಪನನ್ನು ನೀವು ನೋಡಿಲ್ಲ. ನೋಡಿದ್ದರೆ ಅವರು ನಿಮ್ಮನ್ನೂ ಅನುಮಾನಿಸುತ್ತಿದ್ದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ದೊಡ್ಡಪ್ಪ ಪ್ರಮಾಣಿಸಿದ ಮೇಲೂ ತಲೆ ಕೆರೆದುಕೊಳ್ಳುವವರು. ಎಳನೀರು ಕೊಂಡರೆ ತಮ್ಮ ಕಣ್ಣೆದುರೇ ಮರದಿಂದ ಇಳಿಸಬೇಕು. ಈ ಗುಣ ನಮ್ಮ ಮನೆತನದ ಆಸ್ತಿ. ಜಮೀನು ಪಾಲಾಯಿತು, ಇದು ಮಾತ್ರ ಪಾಲಾಗದೆ ಎಲ್ಲರಿಗೂ ಪೂರ್ತಿ ಪೂರ್ತಿ ಸಿಕ್ಕಿತು.

ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನ ತಂಗಿ ನೀಲಾಳ ಮದುವೆಯ ಹೊಣೆ ದೊಡ್ಡಪ್ಪನದೇ ಆಯಿತು. ನೀಲಾ ಆಗ ತಿ. ನರಸೀಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ತಗಡೂರಿನ ಮಹದೇವಸ್ವಾಮಿ ಎಂಬ ಹುಡುಗನ ಸಂಬಂಧ ಬಂತು. ಚಾಮರಾಜನಗರದ ಕಡೆಯ ಬೆಟ್ಟದ ಮೇಲೆ ಫಾರೆಸ್ಟ್ ಗಾರ್ಡ್ ಕೆಲಸ. ಹೆಣ್ಣು ನೋಡಲು ಬಂದವನು ಕಡಿಮೆ ಮಾತಾಡಿ ಹೋದ. ಅಂದೇ ಸಂಜೆ ನೀಲಾ ನನ್ನನ್ನು ಹಿತ್ತಲಿಗೆ ಕರೆದು, "ಅಣ್ಣ, ಇವ್ರೇ ಆಗ್ಲಿ. ಬೇರೆ ಗಂಡು ಉಡುಕ್‌ಬ್ಯಾಡಿ" ಅಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕು ಅಂದಿದ್ದು ಅದೇ ಮೊದಲು.

ಇನ್ನು ನಾವು ಮನೆ ನೋಡಲು ಹೋಗಬೇಕು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋಗಿ, ಉಪ್ಪಿಟ್ಟು ತಿನ್ನುವ ನೆಪದಲ್ಲಿ ಹಟ್ಟಿ, ಹಿತ್ತಲು, ಬಾವಿ, ನೆರೆಹೊರೆ ಎಲ್ಲವನ್ನೂ ಕಣ್ಣಲ್ಲೇ ಅಳೆದು ಬರುವ ಪದ್ಧತಿ. ದೊಡ್ಡಪ್ಪ ತಗಡೂರಿನಲ್ಲಿ ಬಾವಿಯ ನೀರು ಕುಡಿದು ನೋಡಿದರು, ಎಮ್ಮೆಯ ಹಲ್ಲು ನೋಡಿದರು. ದೋಷ ಸಿಗಲಿಲ್ಲ. ದೋಷ ಸಿಗದಿದ್ದರೆ ಅವರಿಗೆ ಊಟ ಸೇರದು. ಹುಡುಗ ವರ್ಷದಲ್ಲಿ ಹೆಚ್ಚು ದಿನ ಇರುವುದು ಬೆಟ್ಟದಲ್ಲಿ, ಹಾಗಾಗಿ ಬೆಟ್ಟವೇ ಅವನ ಮನೆ, ಅದನ್ನೂ ನೋಡಬೇಕು ಎಂದು ಪಟ್ಟು ಹಿಡಿದರು. ಹುಡುಗ ಮೇಲಿನವರ ಅನುಮತಿ ಪಡೆದು, ಜೀಪಿನಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಹೋದ.

ಕೆಳಗೆಲ್ಲ ದಟ್ಟ ಕಾಡು. ಏರಿದಂತೆ ಮರಗಳು ಗಿಡ್ಡವಾದವು, ಕೊಂಬೆಗಳು ಸೊಟ್ಟಗಾದವು, ಮೈತುಂಬ ಪಾಚಿ ಹೊದ್ದವು. ನೆತ್ತಿಯ ಹತ್ತಿರ, ಯಾರೋ ಕತ್ತರಿಯಲ್ಲಿ ಕತ್ತರಿಸಿದಂತೆ, ಕಾಡು ನಿಂತೇ ಹೋಯಿತು. ಅಲ್ಲಿಂದಾಚೆ ಬರೀ ಹುಲ್ಲು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮಾತ್ರ ಒಂದಷ್ಟು ಮರಗಳು ಒತ್ತೊತ್ತಾಗಿ ನಿಂತಿದ್ದವು. ನಾನು ಚೆಂದ ಅಂದುಕೊಂಡೆ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

ಅವರದ್ದೂ ತಪ್ಪಿಲ್ಲ. ನಮ್ಮ ಬಯಲಿನಲ್ಲಿ ಮರ ತಾನಾಗಿ ನಿಲ್ಲುವುದಿಲ್ಲ. ಹೊಂಗೆಯ ಸಾಲು ಎಲ್ಲಿ ಮುಗಿಯಿತೋ ಅಲ್ಲಿಂದ ಯಾರೋ ಕಡಿದಿದ್ದಾರೆ ಅಂತಲೇ ಅರ್ಥ. ನೇರವಾದ ಅಂಚು ಕಂಡರೆ ಅಲ್ಲೊಂದು ಒತ್ತುವರಿ, ಅದರ ಹಿಂದೊಂದು ಕೋರ್ಟು ಕೇಸು. ಕಬ್ಬಿನ ಗದ್ದೆಯ ಬದುಗಳ ನಡುವೆ ಬದುಕಿದ ಮನುಷ್ಯನಿಗೆ ಆ ಹುಲ್ಲು ಬೇರೆ ಹೇಗೆ ಕಾಣಬೇಕು?

ಮಹದೇವಸ್ವಾಮಿ ವಿವರಿಸಿದ. ಮಳೆಗಾಲದಲ್ಲಿ ಹುಲ್ಲಿನೊಳಗೂ ಮರದ ಬೀಜ ಮೊಳೆಯುತ್ತದೆಯಂತೆ. ಚಳಿಗಾಲದ ರಾತ್ರಿ ಬಯಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಳೆಗಿಡ ಸುಟ್ಟಂತಾಗಿ ಸಾಯುತ್ತದೆಯಂತೆ. ಕಾಡಿನೊಳಗೆ ದೊಡ್ಡ ಮರಗಳ ಮರೆಯಿರುವುದರಿಂದ ಮರಿಗಿಡಗಳು ಬದುಕುತ್ತವೆ. ಹುಲ್ಲಿನಲ್ಲಿ ಅಳಿದುಳಿದ ಗಿಡಗಳನ್ನು ಗಾಳಿ, ಬೆಂಕಿ, ಮೇಯಲು ಬರುವ ಕಾಟಿಗಳು ಮುಗಿಸುತ್ತವೆ. ದೊಡ್ಡಪ್ಪ ತಲೆಯಾಡಿಸುತ್ತ ಕೇಳಿದರು. ಅವನು ಜೀಪಿನ ಕಡೆ ಹೋದದ್ದೇ ಮೊಣಕಾಲೂರಿ ಬೊಡ್ಡೆ ಹುಡುಕಿದರು. ಒಂದೂ ಸಿಗಲಿಲ್ಲ.

"ನೋಡ್ದಾ, ಬೊಡ್ಡೆನೂ ಬಿಟ್ಟಿಲ್ಲ ಕಣ್ಲಾ. ಬೇರು ಸಮೇತ ಕಿತ್ತು ಮಾರ್ಕಂಡವ್ನೆ. ಚಳಿಗೆ ಎಲ್ಲಾರಾ ಮರ ಸಾಯ್ತದಾ?"

ಕಡಿದ ಗುರುತು ಇದ್ದಿದ್ದರೆ ಅನುಮಾನ; ಇಲ್ಲದಿದ್ದರೆ ಖಾತ್ರಿ. ಹೇಳಲು ನಾಚಿಕೆಯೇನಿಲ್ಲ, ನನಗೂ ಅರ್ಧ ಹೌದೆನಿಸಿತ್ತು.

ನಾನು ನೀಲಾಳ ಮಾತು ನೆನಪಿಸಿದ್ದರಿಂದ ದೊಡ್ಡಪ್ಪ ಸಂಬಂಧವನ್ನು ಒಡನೆ ಮುರಿಯಲಿಲ್ಲ, ಪರೀಕ್ಷೆಗೆ ಇಟ್ಟರು. ಮಾರನೇ ವಾರ ಹೂವು ಮುಡಿಸುವ ಮಾತಾಡುವ ನೆಪದಲ್ಲಿ ಮತ್ತೆ ಬೆಟ್ಟ ಹತ್ತಿದರು. ಸ್ವಾಮಿ ಕಾಫಿ ಕಾಯಿಸುತ್ತಿದ್ದಾಗ, ಕಾಡು ಮುಗಿದು ಹುಲ್ಲು ಶುರುವಾಗುವಲ್ಲಿ ಗುಂಡಿ ತೋಡಿ, ಮೂಗೂರಿನಿಂದ ಕಟ್ಟಿಕೊಂಡು ಬಂದಿದ್ದ ಇದ್ದಿಲು ಸುರಿದು, ಮೇಲೊಂದು ಕಲ್ಲು ನೆಟ್ಟರು. ನಮ್ಮ ಹೊಲಗಳಲ್ಲಿ ಗಡಿಗೆ ಬಾಂದುಕಲ್ಲು ನೆಡುವುದೇ ಹೀಗೆ. ಕಲ್ಲನ್ನು ಯಾರಾದರೂ ಸರಿಸಿಯಾರು, ಅಡಿಯ ಇದ್ದಿಲು ಕೊಳೆಯದೆ ಕೂತು ಸಾಕ್ಷಿ ಹೇಳುತ್ತದೆ. ಒಂದು ವರ್ಷದಲ್ಲಿ ಕಾಡು ಕಲ್ಲಿನಿಂದ ಹಿಂದೆ ಸರಿದಿದ್ದರೆ ಹುಡುಗ ಕಳ್ಳ. ಗಂಡಿನ ಕಡೆಯವರಿಗೆ ಮಾತ್ರ, ಹುಡುಗಿಗೆ ಈ ವರ್ಷ ಗುರುಬಲ ಇಲ್ಲ ಅಂದರು.

ನೀಲಾಳಿಗೆ ನಿಜ ಹೇಳಿದೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಕಾಡಿನ ನಡತೆಯ ಮೇಲೆ ತನ್ನ ಬದುಕು ನಿಂತಿದೆ ಎಂದು ತಿಳಿದೂ ದಿನಾ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದಳು.

ವರ್ಷ ತುಂಬಿದ ಮೇಲೆ ಮತ್ತೆ ಹೋದೆವು. ಚಳಿಗಾಲವೇ, ಆದರೆ ಸ್ವೆಟರು ಬೇಕೆನಿಸಲಿಲ್ಲ. ಕಲ್ಲು ಇದ್ದಲ್ಲೇ ಇತ್ತು. ದೊಡ್ಡಪ್ಪ ಅಗೆದು ಇದ್ದಿಲನ್ನೂ ನೋಡಿದರು. ಕಾಡು ಒಂದು ಗೇಣೂ ಹಿಂದೆ ಸರಿದಿರಲಿಲ್ಲ. ಬದಲಿಗೆ ಕಲ್ಲಿನಾಚೆ, ಹುಲ್ಲಿನೊಳಗೆ, ನಾಲ್ಕೈದು ನೇರಳೆ ಜಾತಿಯ ಎಳೆಗಿಡಗಳು ಹಸಿರಾಗಿ ನಿಂತಿದ್ದವು. ದೊಡ್ಡಪ್ಪ ಜೀವನದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಬೆನ್ನು ತಟ್ಟಿದರು.

"ಕಾಡ ಕಾಯೋದಲ್ಲ, ಬೆಳುಸ್ತಾವ್ನೆ! ಇವ್ನಿಗೆ ಕೊಡ್ದೆ ಇನ್ಯಾರಿಗ್ಲಾ ಕೊಡನ ಎಣ್ಣ?"

ಸ್ವಾಮಿ ನಗಲಿಲ್ಲ. ಗಿಡವೊಂದರ ಎಲೆ ಮುಟ್ಟಿ, "ಇವು ಬದುಕ್‌ಬಾರ್ದಿತ್ತು" ಅಂದ. ದೊಡ್ಡಪ್ಪ ಅದನ್ನು ವಿನಯ ಅಂದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೊಗಳಿದರೂ ಮುಖ ಬಾಡಿಸುತ್ತಾನಲ್ಲ ಎಂದು ನಾನು ಒಳಗೊಳಗೇ ಸಂಶಯಪಟ್ಟೆ. ಮದುವೆ ಆಯಿತು. ದೊಡ್ಡಪ್ಪ ಕೊನೆಯವರೆಗೂ ಆ ಗಿಡಗಳ ಕತೆಯನ್ನು ಊರೆಲ್ಲ ಹೇಳಿಕೊಂಡು, ತೃಪ್ತಿಯಿಂದ ಕಣ್ಣು ಮುಚ್ಚಿದರು.

ಮೊನ್ನೆ ಬಾಟಲಿ ಹಿಡಿದು ಅಂಗಡಿಯಿಂದ ಮನೆಗೆ ಬಂದವನೇ ನೀಲಾಳಿಗೆ ಫೋನು ಮಾಡಿದೆ. ಈ ಚಳಿಗಾಲ ಬೆಟ್ಟದಲ್ಲಿ ಒಂದು ದಿನವೂ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗಲಿಲ್ಲವಂತೆ. ಗಿಡಗಳು ನೆತ್ತಿಯವರೆಗೂ ಹತ್ತಿವೆಯಂತೆ. ಗಂಡ ಸರಿಯಾಗಿ ಉಣ್ಣುತ್ತಿಲ್ಲವಂತೆ. ಮರ ಹೀಗೇ ಏರಿದರೆ ಹುಲ್ಲು ಎಲ್ಲಿಗೆ ಏರಬೇಕು, ಮೇಲೆ ಬೆಟ್ಟವೇ ಇಲ್ಲವಲ್ಲ ಅನ್ನುತ್ತಾನಂತೆ. ಯಾರ ಮೇಲೆ ಅನುಮಾನ ಪಡಲಿ ಎಂದು ಹುಡುಕಿದೆ. ಒಂದು ಮುಖವೂ ಸಿಗಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಫೋನು ಸ್ವಾಮಿಗೆ ಕೊಡು ಅಂದೆ. ಅವತ್ತು ಇಬ್ಬನಿಯ ಬಗ್ಗೆ ನೀನು ಹೇಳಿದ್ದನ್ನು ಈಗ ಪೂರ್ತಿ ನಂಬುತ್ತೇನೆ ಎಂದು ಅವನಿಗೆ ಹೇಳಿದೆ.



"ನಂಬ್‌ಬ್ಯಾಡಿ ಬಾವ. ಇವ್ನು ಏಳ್ತಿರೋದು ಸುಳ್ಳು ಅಂತ ನೀವಾದ್ರೂ ಅನ್ನಿ."

ನನ್ನಿಂದ ಹಾಗನ್ನಲು ಆಗಲಿಲ್ಲ.